ಏರಿನಲ್ಲಿ ಸೊರಗುವ ಎಟಿವಿ

ಪ್ರಶ್ನೆ: ಕಾಫಿ ತೋಟದ ಏರಿನಲ್ಲಿ ನನ್ನ ಹಳೆಯ ಕಾರ್ಬ್ಯುರೇಟರ್ ಎಟಿವಿ ಕಪ್ಪು ಹೊಗೆ ಉಗುಳುತ್ತದೆ, ಎಳೆಯುವುದಿಲ್ಲ. ದೊಡ್ಡ ಜೆಟ್ ಹಾಕಿಸಲೇ?

– ಓದುಗರು, ಚಿಕ್ಕಮಗಳೂರು

ಉತ್ತರ: ಖಂಡಿತ ಬೇಡ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಈಗಾಗಲೇ ಹೆಚ್ಚಾಗಿದೆ ಎಂದರ್ಥ. ಎತ್ತರದ ತೆಳು ಗಾಳಿ ಅದನ್ನು ಇನ್ನಷ್ಟು ಕೆಡಿಸುತ್ತದೆ. ಮೊದಲು ಏರ್ ಫಿಲ್ಟರ್ ಶುಚಿ ಮಾಡಿ. ನಂತರ ಇಗ್ನಿಷನ್: ಪ್ಲಗ್ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆದು, ಕೈಪಿಡಿಯ ಅಳತೆಗೆ ತನ್ನಿ. ಟೈಮಿಂಗ್ ಮುಂದಕ್ಕೆ ತಳ್ಳಬೇಡಿ. ನಾಕಿಂಗ್ ಶುರುವಾಗಿ ಪಿಸ್ಟನ್ ಹಾಳಾದೀತು.

ಕಾರ್ಬ್ಯುರೇಟರ್ ಕೊನೆಗೆ. ತೊಂದರೆ ಐಡ್ಲಿಂಗ್‌ನಲ್ಲಿದ್ದರೆ ಪೈಲಟ್ ಸ್ಕ್ರೂ, ಅರ್ಧ ಥ್ರಾಟಲ್‌ನಲ್ಲಿದ್ದರೆ ನೀಡಲ್ ಕ್ಲಿಪ್ ಹೊಂದಿಸಿ; ಪೂರ್ತಿ ಥ್ರಾಟಲ್‌ನಲ್ಲಿದ್ದರೆ ಒಂದು ಸೈಜ್ ಚಿಕ್ಕ ಮೇನ್ ಜೆಟ್ ಹಾಕಿಸಿ. ಒಮ್ಮೆಗೆ ಒಂದನ್ನೇ ಬದಲಿಸಿ, ಅದೇ ಏರಿನಲ್ಲಿ ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಂಜಿನ್ ಅತಿಯಾಗಿ ಕಾಯುತ್ತದೆ. ತಡಮಾಡದೆ ಹಿಂದಿನ ಹೊಂದಾಣಿಕೆಗೇ ಮರಳಿ.