ಸೇಶೆಲ್ಸ್ ಕಡಲಿಗೆ ಹೊರಟ ಮಕ್ಕಳಿಗೆ ದೊಡ್ಡಪ್ಪನ ಕಿವಿಮಾತು

ಮಕ್ಕಳೇ, ನೀವು ನಾಲ್ವರೂ ಸೇರಿ ಸೇಶೆಲ್ಸ್‌ನಲ್ಲಿ ಯಾಟ್ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗುತ್ತೀರಿ ಎಂದು ಕೇಳಿ ಬಹಳ ಸಂತೋಷವಾಯಿತು. 115 ದ್ವೀಪಗಳ ಆ ದೇಶವನ್ನು ನೀರಿನ ಮೇಲಿಂದಲೇ ನೋಡಬೇಕು. ಹಡಗಿನ ಕೆಲಸದಲ್ಲೇ ಕೂದಲು ನರೆತವನು ನಾನು, ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ ಎಂದು ಬರೆದೇ ಕಳಿಸುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಇದು: ಅಲ್ಲಿ ನಿಮ್ಮ ದಿನಚರಿಯನ್ನು ಗಾಳಿ ಮತ್ತು ಬೆಳಕು ತೀರ್ಮಾನಿಸಲಿ. ನೋಡಬೇಕಾದ ಜಾಗಗಳ ಪಟ್ಟಿ ಅವೆರಡರ ಹಿಂದೆ ಬರಲಿ.

• ಟಿಕೆಟ್ ಮಾಡಿಸುವ ಮೊದಲು ಗಾಳಿಯ ಕಾಲ ನೋಡಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಆಗ್ನೇಯದ ಗಾಳಿ. ಅದೇ ಗಾಳಿ ಸಮಭಾಜಕ ವೃತ್ತ ದಾಟಿ, ದಿಕ್ಕು ತಿರುಗಿಸಿಕೊಂಡು, ನಮ್ಮ ಕರಾವಳಿಗೆ ನೈಋತ್ಯ ಮುಂಗಾರಾಗಿ ಬರುವುದು. ನಮ್ಮ ಹೊನ್ನಾವರದಲ್ಲಿ ಜೂನ್ ಮಳೆಗೆ ದೋಣಿಗಳು ದಡ ಹತ್ತಿ ಕೂತಿರುವಾಗ ಅಲ್ಲಿ ಮಳೆ ಕಡಿಮೆ, ಗಾಳಿ ಮಾತ್ರ ಜೋರು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದ ಗಾಳಿ. ಅದು ಮೆಲುವಾದರೂ ಜೊತೆಗೆ ಸೆಕೆ, ಮಳೆ, ನಡುನಡುವೆ ಇದ್ದಕ್ಕಿದ್ದಂತೆ ಎರಗುವ ಬಿರುಸು. ಈ ಎರಡರ ಸಂಧಿಯಲ್ಲಿ, ಏಪ್ರಿಲ್‌ನಲ್ಲೂ ಅಕ್ಟೋಬರ್ ಕೊನೆಗೂ, ಕಡಲು ಶಾಂತ, ನೀರು ತಿಳಿ. ಹಾಯಿ ಉಬ್ಬಿಸಿಕೊಂಡು ಓಡುವ ಆಸೆಯಿದ್ದವರಿಗೆ ಆ ದಿನಗಳು ಸಪ್ಪೆ ಎನ್ನಿಸಬಹುದು, ಎಷ್ಟೋ ಸಲ ಎಂಜಿನ್ ಮೇಲೇ ಹೋಗಬೇಕಾಗುತ್ತದೆ. ಆದರೂ ಮೊದಲ ಸಲದವರಿಗೆ ಏಪ್ರಿಲೇ ಸರಿ ಎಂಬುದು ನನ್ನ ಅಭಿಪ್ರಾಯ. ಮಾಹೆ, ಪ್ರಾಸ್ಲಿನ್, ಲಾ ಡೀಗ್ ದ್ವೀಪಗಳು ಸಮಭಾಜಕ ವೃತ್ತಕ್ಕೆ ತೀರ ಹತ್ತಿರವಿರುವುದರಿಂದ ಚಂಡಮಾರುತದ ಹಾದಿಗೆ ಬೀಳುವುದಿಲ್ಲ, ಮನೆಯಲ್ಲಿ ಹೆದರುವವರಿಗೆ ಇದನ್ನು ಹೇಳಿ.

• ಪ್ರತಿ ದ್ವೀಪಕ್ಕೂ ಗಾಳಿಗೆ ಒಡ್ಡಿಕೊಂಡ ಒಂದು ಮಗ್ಗುಲು, ಮರೆಯಲ್ಲಿರುವ ಒಂದು ಮಗ್ಗುಲು ಇರುತ್ತದೆ. ಕಾಲ ಬದಲಾದರೆ ಮಗ್ಗುಲೂ ಬದಲು. ಪ್ರಾಸ್ಲಿನ್‌ನ ವಾಯವ್ಯ ತುದಿಯ ಆನ್ಸ್ ಲಾಜಿಯೊ ಜುಲೈನಲ್ಲಿ ಕೊಳದಂತೆ ನಿಂತಿರುತ್ತದೆ. ಅದೇ ಕೊಲ್ಲಿಗೆ ಜನವರಿಯಲ್ಲಿ ಅಲೆ ನೇರ ನುಗ್ಗುತ್ತದೆ, ಅಲ್ಲಿ ಲಂಗರು ಹಾಕಿದರೆ ರಾತ್ರಿಯಿಡೀ ನಿದ್ದೆಯಿಲ್ಲ. ಲಾ ಡೀಗ್‌ನ ಆಗ್ನೇಯದ ಗ್ರಾಂಡ್ ಆನ್ಸ್ ದಡದಲ್ಲಿ ಆಗ್ನೇಯ ಗಾಳಿಯ ಕಾಲಕ್ಕೆ ಸೆಳೆತ ಬಹಳ ಕೆಟ್ಟದು, ಆಗ ಅಲ್ಲಿ ಈಜಲೇಬೇಡಿ. ಫೋಟೊದಲ್ಲಿ ಕಂಡ ಕೊಲ್ಲಿ ಆ ಫೋಟೊ ತೆಗೆದ ತಿಂಗಳಿನದು ಎಂಬುದು ನೆನಪಿರಲಿ. ಬೆಳಿಗ್ಗೆ ಕಾಫಿಯ ಹೊತ್ತಿಗೇ ಹವಾಮಾನ ಮುನ್ಸೂಚನೆಯನ್ನೂ ಭರತ–ಇಳಿತದ ಹೊತ್ತನ್ನೂ ನೋಡಿ, ಅವತ್ತಿನ ರಾತ್ರಿ ಎಲ್ಲಿ ತಂಗುವುದು ಎಂದು ಆಗಲೇ ತೀರ್ಮಾನಿಸಿ. ಒಂದು ಜಾಗ ಕೈಕೊಟ್ಟರೆ ಇನ್ನೊಂದು ಇರಲಿ.

• ಸ್ಕಿಪ್ಪರ್ ಇಲ್ಲದೆ ಬರೀ ಯಾಟ್ ಮಾತ್ರ ಬಾಡಿಗೆಗೆ ಸಿಗುತ್ತದೆ, ಅನುಭವದ ದಾಖಲೆ ತೋರಿಸಬೇಕು. ನಿಮ್ಮಲ್ಲಿ ಒಬ್ಬನಿಗೆ ಹಾಯಿ ನಡೆಸುವ ಪ್ರಮಾಣಪತ್ರ ಇದೆ ಎಂದು ಗೊತ್ತು. ಆದರೂ ಈ ಸಲ ಅಲ್ಲಿನ ಸ್ಕಿಪ್ಪರನ್ನು ಜೊತೆಗೆ ಕರೆದುಕೊಳ್ಳಿ. ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುವ ಬಂಡೆ ಇಳಿತದ ಹೊತ್ತಿಗೆ ಎಲ್ಲಿ ತಲೆ ಎತ್ತುತ್ತದೆ, ಯಾವ ಕೊಲ್ಲಿಯಲ್ಲಿ ಮರಳು, ಯಾವುದರಲ್ಲಿ ಹವಳ ಎಂಬುದು ಅಲ್ಲೇ ಹುಟ್ಟಿ ಬೆಳೆದವನಿಗೆ ಗೊತ್ತಿರುತ್ತದೆ. ಆತನನ್ನು ಚಾಲಕನಂತೆ ನೋಡಬೇಡಿ, ಊಟಕ್ಕೆ ಜೊತೆಗೆ ಕೂರಿಸಿಕೊಳ್ಳಿ, ಚುಕ್ಕಾಣಿ ಕೇಳಿ ಹಿಡಿಯಿರಿ, ಕಲಿಯಿರಿ.

• ದೋಣಿಯ ವಿಷಯದಲ್ಲಿ ಕಟಮರಾನ್ ಸಾಕು. ಎರಡು ಒಡಲಿನದು, ಹೆಚ್ಚು ವಾಲುವುದಿಲ್ಲ, ಕಡಿಮೆ ಆಳದಲ್ಲೂ ತೇಲುತ್ತದೆ.

• ಯಾಟ್ ಕೈಗೆ ಬಂದ ದಿನವೇ ದೂರ ಹೊರಡಬೇಡಿ. ಮಾಹೆಯ ಪಕ್ಕದಲ್ಲೇ ಸೇಂಟ್ ಆನ್ ಸಾಗರ ಉದ್ಯಾನವಿದೆ. 1973ರಲ್ಲಿ ಆದದ್ದು, ಹಿಂದೂ ಮಹಾಸಾಗರದ ಈ ಭಾಗದಲ್ಲಿ ಅದೇ ಮೊದಲನೆಯದು. ಅಲ್ಲಿ ನಿಂತು ಹಾಯಿ, ಹಗ್ಗ, ದಡಕ್ಕೆ ಹೋಗಿಬರುವ ಪುಟ್ಟ ದೋಣಿಯಾದ ಡಿಂಗಿಯ ಎಂಜಿನ್, ಶೌಚದ ಪಂಪು ಎಲ್ಲ ಕೈಯಾರೆ ನೋಡಿಕೊಳ್ಳಿ. ಆಮೇಲೆ ಮೊಯೆನ್ ಎಂಬ ಪುಟ್ಟ ದ್ವೀಪಕ್ಕೆ ಇಳಿಯಿರಿ. ಬ್ರೆಂಡನ್ ಗ್ರಿಮ್‌ಶಾ ಎಂಬ ಇಂಗ್ಲಿಷ್ ಪತ್ರಕರ್ತ 1962ರಲ್ಲಿ 8,000 ಪೌಂಡಿಗೆ ಕೊಂಡ ನೆಲ ಅದು. ಪೊದೆ ಮುಚ್ಚಿಹೋಗಿದ್ದ ಪಾಳು ದ್ವೀಪ. ರೆನೆ ಲಾಫೋರ್ಚೂನ್ ಎಂಬ ಸ್ಥಳೀಯನ ಜೊತೆ ಸೇರಿ ಆತ ಸುಮಾರು 16,000 ಮರ ನೆಟ್ಟ, ದೈತ್ಯ ಆಮೆಗಳನ್ನು ತಂದು ಸಾಕಿದ. ಕೋಟಿಗಟ್ಟಲೆ ಬೆಲೆ ಬಂದರೂ ಮಾರಲಿಲ್ಲ. 2012ರಲ್ಲಿ ಆತ ತೀರಿಕೊಳ್ಳುವ ಮೊದಲೇ ಆ ದ್ವೀಪ ರಾಷ್ಟ್ರೀಯ ಉದ್ಯಾನವಾಗಿತ್ತು. ಆತನ ಸಮಾಧಿಯೂ ಅಲ್ಲೇ ಇದೆ. ಒಂದು ಗಂಟೆಯಲ್ಲಿ ಸುತ್ತಿ ಬರಬಹುದಾದ ಜಾಗ, ನೀವು ಅರ್ಧ ದಿನ ಕೊಡಿ.

• ಮಾಹೆಯಿಂದ ಪ್ರಾಸ್ಲಿನ್‌ಗೆ ಸುಮಾರು 25 ನಾಟಿಕಲ್ ಮೈಲಿ, ಗಂಟೆಗೆ ಆರು ಮೈಲಿಯಂತೆ ನಾಲ್ಕು ತಾಸು. ದಾರಿ ಈಶಾನ್ಯಕ್ಕೆ. ಹಾಗಾಗಿ ಆಗ್ನೇಯದ ಗಾಳಿಯಾಗಲಿ ವಾಯವ್ಯದ್ದಾಗಲಿ ಪಕ್ಕದಿಂದಲೇ ಬಡಿಯುತ್ತದೆ. ಹಾಯಿಗೆ ಇದಕ್ಕಿಂತ ಒಳ್ಳೆಯ ಗಾಳಿ ಇಲ್ಲ, ಹೊಟ್ಟೆಗೆ ಇದಕ್ಕಿಂತ ಕಷ್ಟದ್ದೂ ಇಲ್ಲ. ವಾಂತಿಯಾಗುವವರು ಹೊರಡುವ ಮುಂಚೆಯೇ ಮಾತ್ರೆ ನುಂಗಬೇಕು, ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಖಾಲಿ ಹೊಟ್ಟೆ ಬೇಡ, ಎಣ್ಣೆ ತಿಂಡಿಯೂ ಬೇಡ. ಕೋಣೆಯೊಳಗೆ ಮಲಗಿ ಮೊಬೈಲ್ ನೋಡಬೇಡಿ. ಮೇಲೆ ಗಾಳಿಗೆ ಬಂದು ದಿಗಂತದ ಮೇಲೆ ಕಣ್ಣಿಡಿ.

• ಹವಳದ ದಿಬ್ಬಗಳ ನಡುವೆ ನುಗ್ಗುವುದಿದ್ದರೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ಒಳಗೆ. ಸೂರ್ಯ ನೆತ್ತಿಯ ಮೇಲೆ ಅಥವಾ ಬೆನ್ನ ಹಿಂದೆ ಇರಬೇಕು, ಎದುರಿಗಿದ್ದರೆ ನೀರು ಬರೀ ಹೊಳೆಯುತ್ತದೆ, ತಳ ಕಾಣುವುದಿಲ್ಲ. ಕಡು ನೀಲಿ ಎಂದರೆ ಆಳ. ತಿಳಿ ಹಸಿರು ನೀಲಿ ಎಂದರೆ ಮರಳಿನ ಮೇಲೆ ಕಡಿಮೆ ನೀರು. ಕಂದು ಕಂಡರೆ ಹವಳವೋ ಬಂಡೆಯೋ, ದೂರ ಸರಿಯಿರಿ. ಒಬ್ಬರು ಮುಂಭಾಗದಲ್ಲಿ ನಿಂತು ಕೈಸನ್ನೆ ಮಾಡುತ್ತಿರಲಿ. ಪೋಲರೈಸ್ಡ್ ಕನ್ನಡಕ ಊರಿನಿಂದಲೇ ಒಯ್ಯಿರಿ. ಬಂದರಿನ ಗುರುತಿನ ಬೋಯಾಗಳು ನಮ್ಮ ಭಾರತದ ಪದ್ಧತಿಯವೇ: ಒಳಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ.

• ಲಂಗರಿನ ಮಾತು ಸ್ವಲ್ಪ ಉದ್ದ, ತಾಳ್ಮೆಯಿಂದ ಓದಿ. ಲಂಗರು ತನ್ನ ಭಾರದಿಂದ ದೋಣಿ ಹಿಡಿಯುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಿಡಿಯುವುದು ಅದರ ಕೊಕ್ಕೆ ಮರಳಿಗೆ ಕಚ್ಚಿಕೊಳ್ಳುವುದರಿಂದ. ಸರಪಳಿ ತಳದಲ್ಲಿ ಅಡ್ಡ ಮಲಗಿ ಎಳೆದರೆ ಮಾತ್ರ ಅದು ಕಚ್ಚುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಆದ್ದರಿಂದ ಭರತದ ನೀರನ್ನೂ ಸೇರಿಸಿ ಲೆಕ್ಕ ಹಾಕಿದ ಆಳದ ಐದು ಪಟ್ಟಾದರೂ ಸರಪಳಿ ಬಿಡಿ. ಬಿಟ್ಟಮೇಲೆ ಎಂಜಿನನ್ನು ನಿಧಾನವಾಗಿ ಹಿಂದಕ್ಕೆ ಓಡಿಸಿ, ಸರಪಳಿ ಬಿಗಿದು ದೋಣಿ ನಿಂತಿತೇ ನೋಡಿ. ದಡದ ಮೇಲಿನ ಎರಡು ಗುರುತುಗಳನ್ನು, ಒಂದು ಮರ ಮತ್ತು ಅದರ ಹಿಂದಿನ ಒಂದು ಬಂಡೆ, ಒಂದೇ ಸಾಲಿಗೆ ಹಿಡಿದಿಟ್ಟುಕೊಳ್ಳಿ. ಆ ಸಾಲು ತಪ್ಪಿದರೆ ದೋಣಿ ಜಾರುತ್ತಿದೆ ಎಂದರ್ಥ. ಈಜು ಬಲ್ಲವರು ಮುಖವಾಡ ಹಾಕಿ ಇಳಿದು ಲಂಗರನ್ನು ಕಣ್ಣಾರೆ ನೋಡಿ ಬರಲಿ.

• ಆ ಲಂಗರು ಎಂದೂ ಹವಳದ ಮೇಲೆ ಬೀಳಬಾರದು. ಇದನ್ನು ಕೈಮುಗಿದು ಕೇಳುತ್ತೇನೆ. 1998ರಲ್ಲಿ ಸಮುದ್ರ ಕಾದು ಮಾಹೆ, ಪ್ರಾಸ್ಲಿನ್ ಮುಂತಾದ ಒಳದ್ವೀಪಗಳ ಜೀವಂತ ಹವಳದ ಬಹುಪಾಲು ಬಿಳಿಚಿ ಸತ್ತಿತು. ಚೇತರಿಸಿಕೊಳ್ಳುತ್ತಿದ್ದಾಗ 2016ರಲ್ಲಿ ಮತ್ತೆ ಹೊಡೆತ ಬಿತ್ತು. ಉಳಿದದ್ದರ ಮೇಲೆ ನಮ್ಮ ಕಬ್ಬಿಣ ಎಳೆದಾಡಿದರೆ ಅದು ಮತ್ತೆ ಬೆಳೆಯುವುದನ್ನು ನಿಮ್ಮ ಮಕ್ಕಳೂ ನೋಡಲಾರರು. ಕಟ್ಟುವ ಬೋಯಾ ಇದ್ದ ಕಡೆ ಅದಕ್ಕೇ ಕಟ್ಟಿ, ಉದ್ಯಾನದ ಶುಲ್ಕ ಕೇಳಿದಷ್ಟು ಕೊಡಿ. ಈಜುವಾಗ ಹವಳದ ಮೇಲೆ ಕಾಲೂರಬೇಡಿ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಈಜಂಗಿ ತೊಡಿ.

• ಸಂಜೆ ಆರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ವರ್ಷವಿಡೀ ಹೆಚ್ಚುಕಡಿಮೆ ಅದೇ ಹೊತ್ತು. ಮುಸ್ಸಂಜೆ ಎಂಬುದು ಅಲ್ಲಿ ಕ್ಷಣಮಾತ್ರ, ಥಟ್ಟನೆ ಕತ್ತಲಾಗುತ್ತದೆ. ಬಾಡಿಗೆ ಯಾಟ್‌ಗಳು ರಾತ್ರಿ ಸಂಚರಿಸುವಂತಿಲ್ಲ. ನಾಲ್ಕು ಗಂಟೆಗೆ ಲಂಗರು ಇಳಿದಿರಲಿ.

• ಡಿಂಗಿಯಲ್ಲಿ ಕೂತಾಗ ಲೈಫ್ ಜಾಕೆಟ್ ಮೈಮೇಲೆ, ಎಂಜಿನ್ ನಿಲ್ಲಿಸುವ ದಾರ ಚಾಲಕನ ಮಣಿಕಟ್ಟಿಗೆ. ದಡಕ್ಕೆ ಇಳಿದರೆ ಭರತದ ಗೆರೆಗಿಂತ ಮೇಲಕ್ಕೆ ಎಳೆದು ಕಟ್ಟಿ. ರೇಡಿಯೊದ 16ನೇ ಚಾನೆಲ್ ಬಳಸುವುದನ್ನು ನಾಲ್ವರೂ ಕಲಿತಿರಬೇಕು, ಸ್ಕಿಪ್ಪರ್‌ಗೇ ಏನಾದರೂ ಆದರೆ ಕರೆಯಬೇಕಾದವರು ನೀವೇ.

• ಸಿಹಿನೀರು ದೋಣಿಯಲ್ಲಿ ಚಿನ್ನ. ಪಾತ್ರೆಯನ್ನು ಮೊದಲು ಸಮುದ್ರದ ನೀರಲ್ಲಿ ತೊಳೆದು ಆಮೇಲೆ ಸಿಹಿನೀರಲ್ಲಿ ಅದ್ದಿ ತೆಗೆಯಿರಿ. ದಿನಸಿಯನ್ನು ಮಾಹೆಯಲ್ಲೇ ತುಂಬಿಕೊಳ್ಳಿ. ಹೆಚ್ಚಿನದೆಲ್ಲ ಹೊರದೇಶದಿಂದ ಬರುವುದರಿಂದ ದರ ಜಾಸ್ತಿ, ಸಣ್ಣ ದ್ವೀಪಗಳಲ್ಲಿ ಇನ್ನೂ ಜಾಸ್ತಿ. ರಾಜಧಾನಿ ವಿಕ್ಟೋರಿಯಾದ ಮಾರುಕಟ್ಟೆಯಲ್ಲಿ ಬೇಳೆ, ಮಸಾಲೆ, ಕರಿಬೇವು ಸಿಗುತ್ತದೆ. ನಮ್ಮ ಜೀಗುಜ್ಜೆಯೂ ಅಲ್ಲಿ ಧಾರಾಳ. ಅದನ್ನು ತಿಂದವರು ಮತ್ತೆ ಸೇಶೆಲ್ಸ್‌ಗೆ ಬಂದೇ ಬರುತ್ತಾರೆ ಎಂಬ ನಂಬಿಕೆ ಅಲ್ಲಿನವರದು. ಕೊಂಡು ಪೋಡಿ ಮಾಡಿ ಸ್ಕಿಪ್ಪರ್‌ಗೂ ಬಡಿಸಿ. ಅದೇ ಊರಿನಲ್ಲಿ ತಮಿಳರು ಕಟ್ಟಿದ ವಿನಾಯಕನ ದೇವಸ್ಥಾನವಿದೆ, ಹೊರಡುವ ಮುನ್ನ ಒಂದು ನಮಸ್ಕಾರ ಹಾಕಿ.

• ಕ್ಯೂರಿಯೂಸ್ ದ್ವೀಪಕ್ಕೆ ಬೆಳಿಗ್ಗೆಯೇ ಹೋಗಿ, ಪ್ರವಾಸಿ ದೋಣಿಗಳು ಬರುವ ಮೊದಲು. ದೈತ್ಯ ಆಮೆಗಳು ಆಗ ದಡದ ಹತ್ತಿರ ಮೇಯುತ್ತಿರುತ್ತವೆ. ಕುತ್ತಿಗೆ ಸವರಿದರೆ ನಿಂತು ಕೊಡುತ್ತವೆ, ಬೆನ್ನು ಹತ್ತಬೇಡಿ. ಕಾಂಡ್ಲಾ ಕಾಡಿನ ನಡುವಿನ ಮರದ ಹಾದಿ ದಾಟಿದರೆ ಹಿಂದೆ ಕುಷ್ಠರೋಗಿಗಳನ್ನು ನೋಡಿಕೊಂಡ ವೈದ್ಯರ ಮನೆ ಸಿಗುತ್ತದೆ.

• ಕೊಕೊ ಡಿ ಮೇರ್ ಎಂಬ ಜೋಡಿ ತೆಂಗು ತಾನಾಗಿ ಬೆಳೆಯುವುದು ಪ್ರಾಸ್ಲಿನ್ ಮತ್ತು ಕ್ಯೂರಿಯೂಸ್‌ನಲ್ಲಿ ಮಾತ್ರ. ಜಗತ್ತಿನ ಅತಿ ಭಾರದ ಬೀಜ, ಬಲಿಯಲು ಆರೇಳು ವರ್ಷ ಬೇಕು. ಮರ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅದರ ಒಣಚಿಪ್ಪು ತೇಲಿಕೊಂಡು ಮಾಲ್ಡೀವ್ಸ್‌ಗೂ ಭಾರತದ ದಡಕ್ಕೂ ಬರುತ್ತಿತ್ತು. ನಮ್ಮ ಸಾಧುಗಳ ಕೈಯಲ್ಲಿ ಕಾಣುವ ಕಪ್ಪು ಕಮಂಡಲು ಎಷ್ಟೋ ಸಲ ಅದರದೇ. ನೋಡಲು ಪ್ರಾಸ್ಲಿನ್‌ನ ವಾಲೆ ದ ಮೇ ಕಾಡಿಗೆ ಹೋಗಿ, 1983ರಿಂದ ಅದು ವಿಶ್ವ ಪರಂಪರೆಯ ತಾಣ. ಕೊಳ್ಳುವುದಿದ್ದರೆ ಸರ್ಕಾರದ ಗುರುತು ಮತ್ತು ರಫ್ತು ಪರವಾನಗಿ ಇರುವುದನ್ನೇ ಕೊಳ್ಳಿ.

• ಕೂಸಾಂ ದ್ವೀಪಕ್ಕೆ ನಿಮ್ಮ ಡಿಂಗಿ ಒಯ್ಯುವಂತಿಲ್ಲ. ದೋಣಿಯಲ್ಲಿ ಇಲಿ ಅಡಗಿ ಬಂದು ಹಕ್ಕಿಗಳ ವಂಶ ನಾಶವಾಗಬಾರದೆಂದು ಅಲ್ಲಿನ ಕಾವಲುಗಾರರೇ ತಮ್ಮ ದೋಣಿ ತಂದು ಕರೆದೊಯ್ಯುತ್ತಾರೆ. 1968ರಲ್ಲಿ ಪಕ್ಷಿಪ್ರೇಮಿ ಸಂಸ್ಥೆಯೊಂದು ತೆಂಗಿನ ತೋಟವಾಗಿದ್ದ ಆ ದ್ವೀಪವನ್ನು ಕೊಂಡಾಗ ಸೇಶೆಲ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಇಡೀ ಜಗತ್ತಿನಲ್ಲಿ ಉಳಿದದ್ದು ಮೂವತ್ತಕ್ಕಿಂತ ಕಡಿಮೆ. ಇಂದು ಹಲವು ದ್ವೀಪಗಳಲ್ಲಿ ಸೇರಿ ಸಾವಿರಗಟ್ಟಲೆ ಇವೆ. ಈ ನಿಯಮವನ್ನು ಕಿರಿಕಿರಿ ಎನ್ನಬೇಡಿ, ಪಾಲಿಸಿ.

• ಲಾ ಡೀಗ್‌ನ ಬಂದರು ಚಿಕ್ಕದು, ಫೆರ್ರಿಗಳ ಓಡಾಟ ಹೆಚ್ಚು, ಬೇಗ ಹೋಗಿ ಜಾಗ ಹಿಡಿಯಿರಿ. ಅಲ್ಲಿ ಸೈಕಲ್ ಬಾಡಿಗೆಗೆ ತಗೊಳ್ಳಿ. ದಡದ ಆ ಗುಲಾಬಿ ಗ್ರಾನೈಟ್ ಬಂಡೆಗಳಿಗೆ ಸುಮಾರು 75 ಕೋಟಿ ವರ್ಷ. ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನವರೆಗೂ ಆ ನೆಲ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡೇ ಇತ್ತು. ಬಂಡೆಯ ಮೇಲೆ ಕೈಯಿಟ್ಟಾಗ ಇದನ್ನು ನೆನೆಯಿರಿ.

• ಕಾಗದಪತ್ರ: ಭಾರತೀಯರಿಗೆ ಮುಂಗಡ ವೀಸಾ ಬೇಡ, ಆದರೆ ಆನ್‌ಲೈನ್‌ನಲ್ಲಿ ಪ್ರಯಾಣದ ಅನುಮತಿ ಪಡೆದೇ ವಿಮಾನ ಹತ್ತಬೇಕು. ಪ್ಲಗ್ಗು ಬ್ರಿಟಿಷ್ ಮಾದರಿಯ ಚೌಕ ಮೂರು ಕಾಲಿನದು. ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ.

• ಆಲ್ಡಾಬ್ರಾ ದ್ವೀಪ ಈ ಸಲ ಬೇಡ. ಮಾಹೆಯಿಂದ ಸಾವಿರ ಕಿ.ಮೀ.ಗಿಂತ ದೂರ, ಬೇರೆ ಅನುಮತಿ ಬೇಕು, ಬಾಡಿಗೆ ಯಾಟ್‌ಗೆ ಆಗದ ಮಾತು. ವಾರದಲ್ಲಿ ನಾಲ್ಕೈದು ದ್ವೀಪ ಸಾಕು. ಕೊನೆಯ ರಾತ್ರಿ ಮಾತ್ರ ಮಾಹೆಯ ಹತ್ತಿರವೇ ತಂಗಿ, ವಿಮಾನದ ದಿನ ಬೆಳಿಗ್ಗೆ ಪ್ರಾಸ್ಲಿನ್‌ನಿಂದ ಕಡಲು ದಾಟುವ ಧೈರ್ಯ ಮಾಡಬೇಡಿ. ತಾರೀಖು ಗೊತ್ತಾದ ಕೂಡಲೇ ತಿಳಿಸಿ, ಆ ವಾರದ ಭರತ–ಇಳಿತದ ಪಟ್ಟಿ ನಾನೇ ನೋಡಿ ಕಳಿಸುತ್ತೇನೆ.