ಬಾಚಣಿಗೆಗಾಲಿನ ಜೇಡಗಳು: ವರ್ಗೀಕರಣ ಬೋಧನೆಗೊಂದು ಮಾದರಿ

ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಶ್ರೇಣಿಯನ್ನು ಕಂಠಪಾಠ ಮಾಡಿಸುವುದು ಸುಲಭ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಯಾವ ಲಕ್ಷಣದ ಆಧಾರದಿಂದ ಸಾಗಬೇಕೆಂದು ತಿಳಿಸುವುದು ಕಷ್ಟ. ಕೆಲಮಂಗಲದಂತಹ ಊರಿನಲ್ಲಿ ಇದಕ್ಕೆ ಬೇಕಾದ ಉದಾಹರಣೆ ಮನೆಯ ಮೂಲೆಯಲ್ಲಿಯೂ ಕಲ್ಲುಗೋಡೆಯ ಸಂದಿನಲ್ಲಿಯೂ ಬಲೆ ಹೆಣೆಯುವ ಜೇಡ. ಕೆಂಪಾದ ಜೇಡವೆಲ್ಲ ವಿಷಕಾರಿ ಎಂಬ ಭಯವೂ, ಮನೆಯ ಜೇಡ ಏನೂ ಮಾಡದು ಎಂಬ ಧೈರ್ಯವೂ ಸರಿಯಾದ ಗುರುತಿನ ಕೊರತೆಯಿಂದಲೇ ಹುಟ್ಟುತ್ತವೆ.

ಕುಟುಂಬ: ಥೆರಿಡಿಯಿಡೇ ಕುಟುಂಬವನ್ನು ಸುಂಡೆವಾಲ್ 1833ರಲ್ಲಿ ಹೆಸರಿಸಿದನು. ಇದರಲ್ಲಿ 2,500ಕ್ಕೂ ಹೆಚ್ಚು ಪ್ರಭೇದಗಳಿವೆ. ನಾಲ್ಕನೆಯ ಜೋಡಿ ಕಾಲುಗಳ ತುದಿಭಾಗದ ಅಡಿಯಲ್ಲಿ ಹಲ್ಲುಳ್ಳ ಬಿರುಗೂದಲುಗಳ ಸಾಲಿರುತ್ತದೆ, ಅದೇ ‘ಬಾಚಣಿಗೆ’. ಜೇಡವು ಅದರಿಂದ ಅಂಟುನೂಲನ್ನು ಎಳೆದು ಬೇಟೆಯ ಮೇಲೆ ಎರಚುತ್ತದೆ. ಬಾಚಣಿಗೆಯನ್ನು ಕಾಣಲು ಸೂಕ್ಷ್ಮದರ್ಶಕ ಬೇಕು. ಆದರೆ ಅಡ್ಡಾದಿಡ್ಡಿಯಾದ ಬಲೆ ಮತ್ತು ಅದರಲ್ಲಿ ತಲೆಕೆಳಗಾಗಿ ತೂಗುವ ಜೇಡ ಬರಿಗಣ್ಣಿಗೇ ಕಾಣುತ್ತವೆ. ಕಡ್ಡಿಯಂತೆ ಅತಿ ಉದ್ದವಾದ ಸಣಕಲು ಕಾಲುಗಳ ಜೇಡವೂ ಇಂತಹುದೇ ಬಲೆ ಕಟ್ಟುತ್ತದೆ. ಅದು ಫೋಲ್ಸಿಡೇ ಎಂಬ ಬೇರೆ ಕುಟುಂಬದ್ದು. ಆದುದರಿಂದ ಬಲೆಯೊಂದನ್ನೇ ನೋಡಿ ಕುಟುಂಬವನ್ನು ನಿರ್ಧರಿಸಲಾಗದು.

ಜಾತಿ: ಈ ಕುಟುಂಬದ ಲ್ಯಾಟ್ರೊಡೆಕ್ಟಸ್ ಜಾತಿಯನ್ನು ವಾಲ್ಕೆನೇರ್ 1805ರಲ್ಲಿ ಸ್ಥಾಪಿಸಿದನು. ಇವೇ ‘ವಿಧವೆ ಜೇಡ’ಗಳು, ಇವುಗಳ ವಿಷ ನರಗಳ ಮೇಲೆ ವರ್ತಿಸುತ್ತದೆ. ದುಂಡಾದ ಉದರದ ಸ್ಟಿಯಾಟೋಡ ಜಾತಿಯ ಜೇಡಗಳು ಇವುಗಳನ್ನೇ ಹೋಲುತ್ತವೆ. ಎರಡನ್ನೂ ಬೇರ್ಪಡಿಸುವ ಲಕ್ಷಣ ಕಣ್ಣುಗಳ ಜೋಡಣೆ: ಲ್ಯಾಟ್ರೊಡೆಕ್ಟಸ್‌ನಲ್ಲಿ ಪ್ರತಿ ಪಕ್ಕದ ಎರಡು ಕಣ್ಣುಗಳು ಪರಸ್ಪರ ದೂರವಾಗಿವೆ, ಸ್ಟಿಯಾಟೋಡದಲ್ಲಿ ಅವು ಒತ್ತೊತ್ತಾಗಿವೆ. ಬಣ್ಣವು ಇಲ್ಲಿ ನಂಬತಕ್ಕದ್ದಲ್ಲ. ಮನೆಗಳಲ್ಲಿ ವಾಸಿಸುವ ಕೆಂಗಾಲಿನ ನೆಸ್ಟಿಕೋಡಿಸ್ ರುಫಿಪಿಸ್ ಕೆಂಪಾಗಿದ್ದರೂ ವಿಧವೆ ಜೇಡವಲ್ಲ; ಭಾರತದಲ್ಲಿಯೂ ದಾಖಲಾಗಿರುವ ಲ್ಯಾಟ್ರೊಡೆಕ್ಟಸ್ ಜಿಯೊಮೆಟ್ರಿಕಸ್ ಕಂದುಬಣ್ಣದ್ದಾಗಿದ್ದರೂ ವಿಧವೆ ಜೇಡವೇ.

ಪ್ರಭೇದ: ಜಿಯೊಮೆಟ್ರಿಕಸ್‌ನ ಉದರದ ಅಡಿಯಲ್ಲಿ ಮರಳುಗಡಿಯಾರದ ಆಕಾರದ ಕಿತ್ತಳೆ ಗುರುತಿರುತ್ತದೆ. ಅದರ ಮೊಟ್ಟೆಚೀಲವು ಹರಳುಕಾಯಿಯಂತೆ ಮೈತುಂಬ ಮುಳ್ಳುಮುಳ್ಳಾಗಿರುತ್ತದೆ. ಆದರೆ ಪ್ರಭೇದದ ಅಂತಿಮ ನಿರ್ಣಯಕ್ಕೆ ತಜ್ಞರು ಬಲಿತ ಜೇಡದ ಜನನಾಂಗಗಳನ್ನೇ ಪರೀಕ್ಷಿಸುತ್ತಾರೆ. 1959ರಲ್ಲಿ ಹರ್ಬರ್ಟ್ ಲೆವಿ ಈ ಜಾತಿಯನ್ನು ಕೇವಲ 6 ಪ್ರಭೇದಗಳಿಗೆ ಇಳಿಸಿದ್ದನು. ಇಂದು 30ಕ್ಕೂ ಹೆಚ್ಚು ಪ್ರಭೇದಗಳನ್ನು ಅಂಗೀಕರಿಸಲಾಗಿದೆ. ವರ್ಗೀಕರಣವು ಪುರಾವೆ ದೊರೆತಂತೆಲ್ಲ ತಿದ್ದಿಕೊಳ್ಳುವ ಶಾಸ್ತ್ರವೆಂಬುದಕ್ಕೆ ಇದು ಸಾಕ್ಷಿ.

ಚಟುವಟಿಕೆ: ವಿದ್ಯಾರ್ಥಿಗಳು ಜೇಡವನ್ನು ಮುಟ್ಟದೆ, ಸಂದುಗಳಲ್ಲಿ ಕೈಯಿಡದೆ, ದೂರದಿಂದಲೇ ನೋಡಿ ಬಲೆ, ಕಾಲು, ಉದರ, ಮೊಟ್ಟೆಚೀಲಗಳ ಚಿತ್ರ ಬರೆಯಲಿ. ಪ್ರತಿ ಲಕ್ಷಣದ ಎದುರು ಅದು ಕುಟುಂಬವನ್ನು ಸೂಚಿಸುವುದೋ, ಜಾತಿಯನ್ನೋ, ಪ್ರಭೇದವನ್ನೋ ಎಂದು ಗುರುತಿಸಲಿ. ಪುರಾವೆ ಸಾಲದಿದ್ದರೆ ‘ಕುಟುಂಬದವರೆಗೆ ಮಾತ್ರ ತಿಳಿಯಿತು’ ಎಂದು ಬರೆಯುವುದೂ ಸರಿಯಾದ ಉತ್ತರವೇ. ಅದಕ್ಕೂ ಪೂರ್ಣ ಅಂಕ ಸಲ್ಲಬೇಕು.