ಮಗುವಿನ ತಟ್ಟೆಯ ಪಕ್ಕ ನಮ್ಮ ತಟ್ಟೆ





ಇಂದಿನ ಚಿಂತನೆಗೆ ಒಂದು ಸಣ್ಣ ಪ್ರಶ್ನೆ. ನಮ್ಮ ಮಗು ಶಾಲೆಯಲ್ಲಿ ಬಿಸಿಯೂಟಕ್ಕೆ ಕೂರುವ ಸಾಲಿನಲ್ಲಿ ನಾವು ಎಂದಾದರೂ ಕೂತು ಉಂಡಿದ್ದೇವೆಯೇ? ದಾಖಲಾತಿಗೆ ಹೋಗುತ್ತೇವೆ, ಟಿಸಿಗೆ ಹೋಗುತ್ತೇವೆ, ಎಸ್‌ಡಿಎಂಸಿ ಸಭೆಗೂ ಹೋಗುತ್ತೇವೆ. ಊಟದ ಹೊತ್ತಿಗೆ ಮಾತ್ರ ಹೋಗುವುದಿಲ್ಲ.

ಬಾಬಾಸಾಹೇಬರ ಶಾಲಾ ದಿನಗಳು ನಮಗೆಲ್ಲ ಗೊತ್ತು. ಕೂರುವುದಕ್ಕೆ ಬೇರೆ ಗೋಣಿಚೀಲ. ಅದನ್ನು ಸಂಜೆ ಮನೆಗೆ ಒಯ್ದು ಬೆಳಿಗ್ಗೆ ಮತ್ತೆ ತರಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಅದೇ ದೇಶದಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಯಿತು. 2004ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು: ಅಡುಗೆಯವರನ್ನು ನೇಮಿಸುವಾಗ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಿ. ಒಂದು ಕಾಲಕ್ಕೆ ನಲ್ಲಿ ಮುಟ್ಟಬಾರದೆಂದ ಕೈಯೇ ಶಾಲೆಯಲ್ಲಿ ಅನ್ನ ಬಡಿಸಲಿ ಎಂಬುದು ಇದರ ಅರ್ಥ.

ಆದೇಶ ಬಂದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ. ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮ 2025ರ ಜೂನ್‌ನಲ್ಲಿ ಸುದ್ದಿಯಾಯಿತು. ಅಲ್ಲಿನ ಸರ್ಕಾರಿ ಶಾಲೆಗೆ ದಲಿತ ಮಹಿಳೆಯೊಬ್ಬರು ಮುಖ್ಯ ಅಡುಗೆಯವರಾಗಿ ಬಂದ ಮೇಲೆ ಪೋಷಕರು ಮಕ್ಕಳ ಟಿಸಿ ತೆಗೆದುಕೊಂಡು ಹೋದರೆಂದು ಪತ್ರಿಕೆಗಳು ಬರೆದವು. ಪಾಠ ಸರಿಯಿಲ್ಲದ್ದೇ ಕಾರಣ ಎಂಬ ಮಾತೂ ಬಂತು. ಅಧಿಕಾರಿಗಳು ಶಾಲೆಗೆ ಬಂದು ಪೋಷಕರೊಂದಿಗೆ ಮಾತಾಡಬೇಕಾಯಿತು.

ಇಲ್ಲಿ ಒಂದನ್ನು ಗಮನಿಸಿ. *ಟಿಸಿ ಕೇಳಿದ್ದು ಮಕ್ಕಳಲ್ಲ.* ಆರು ವರ್ಷದ ಕೂಸಿಗೆ ಹಸಿವು ಗೊತ್ತು, ಸಾರಿನ ಘಮ ಗೊತ್ತು. ಯಾರು ಮಾಡಿದ್ದು ಎಂಬ ಪ್ರಶ್ನೆ ಅದಕ್ಕೆ ಮನೆಯಿಂದ ಬರುತ್ತದೆ. ಮನೆಯಿಂದ ಬಂದದ್ದನ್ನು ಬಿಡಿಸಬೇಕಾದರೆ ಮನೆಯವರೇ ಬರಬೇಕು. ಅಪ್ಪನೋ ಅವ್ವನೋ ಎಲ್ಲರ ಮಕ್ಕಳ ನಡುವೆ ನೆಲದ ಮೇಲೆ ಕೂತು, ಅಡುಗೆ ಅಕ್ಕನ ಕೈಯಿಂದ ಅನ್ನ ಹಾಕಿಸಿಕೊಂಡು ಉಂಡರೆ, ಅದನ್ನು ಕಂಡ ಮಗುವಿಗೆ ಬೇರೆ ಉಪದೇಶ ಬೇಡ.

ಭಗವಾನ್ ಬುದ್ಧರ ಸಂಘದಲ್ಲೂ ಹಮ್ಮು ಇಳಿದದ್ದು ಹೀಗೆಯೇ. ಶಾಕ್ಯ ಕುಮಾರರು ಭಿಕ್ಷುಗಳಾಗಲು ಬಂದಾಗ ಅವರ ಜೊತೆ ಕ್ಷೌರಿಕ ಉಪಾಲಿಯೂ ಇದ್ದರು. ಉಪಾಲಿಗೇ ಮೊದಲು ದೀಕ್ಷೆ ಕೊಡಿ ಎಂದು ಶಾಕ್ಯರೇ ಕೇಳಿಕೊಂಡರು. ಮೊದಲು ದೀಕ್ಷೆ ಪಡೆದವರು ಹಿರಿಯರು, ಉಳಿದವರು ಅವರಿಗೆ ಕೈಮುಗಿಯಬೇಕು. ನಾವು ಶಾಕ್ಯರೆಂಬ ಗರ್ವ ಹಾಗಾದರೂ ಇಳಿಯಲಿ ಎಂಬುದು ಅವರ ಆಸೆ. ಗರ್ವ ಕೆಟ್ಟದ್ದು ಎಂದು ಒಪ್ಪಿ ಸುಮ್ಮನಾಗದೆ, ಅವರು ದಿನವೂ ಬಾಗಬೇಕಾದ ಜಾಗದಲ್ಲಿ ತಮ್ಮನ್ನು ನಿಲ್ಲಿಸಿಕೊಂಡರು.

ಇಲ್ಲಿ ಯಾರಾದರೂ ಕೇಳಬಹುದು: ಸಹಭೋಜನದಿಂದ ಜಾತಿ ಹೋಗುವುದಿಲ್ಲವೆಂದು ಬಾಬಾಸಾಹೇಬರೇ 1936ರ ‘ಜಾತಿ ವಿನಾಶ’ದಲ್ಲಿ ಹೇಳಿದ್ದಾರಲ್ಲ? ನಿಜ. ಜೊತೆಗೆ ಉಣ್ಣುವ ಜಾತಿಗಳಲ್ಲೂ ಜಾತಿ ಉಳಿದಿದೆ, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು, ಜಾತಿಗೆ ಆಧಾರವಾದ ಶಾಸ್ತ್ರಗಳ ಮೇಲಿನ ನಂಬಿಕೆ ಹೋಗಬೇಕು ಎಂದರು. ಹಾಗಾಗಿ ಫೋಟೋಗೆ ಒಂದು ದಿನ ಉಂಡು ಎದ್ದರೆ ಏನೂ ಆಗದು. ಶಾಲೆಯ ಸಾಲು ಬೇರೆ. ಒಂದನೇ ತರಗತಿಯಿಂದ ಹತ್ತರವರೆಗೆ ಶಾಲೆ ಇರುವ ದಿನವೆಲ್ಲ ಒಂದೇ ಪಾತ್ರೆಯ ಅನ್ನ ಉಂಡು ಬೆಳೆದ ಮಕ್ಕಳಿಗೆ ಗೆಳೆತನ ಅಭ್ಯಾಸವಾಗುತ್ತದೆ. ಬಾಬಾಸಾಹೇಬರು ಬಯಸಿದ ಬಂಧುತ್ವಕ್ಕೆ, ನಾವು ಮೈತ್ರಿ ಎನ್ನುವುದಕ್ಕೆ, ಈ ಅಭ್ಯಾಸವೇ ಬೇರು. ನಾಳೆ ಅವರು ಯಾರ ಮನೆಗೆ ಹೋಗುತ್ತಾರೆ, ಯಾರನ್ನು ಮದುವೆಯಾಗುತ್ತಾರೆ ಎಂಬುದೂ ಇದೇ ಬೇರಿನಿಂದ ಹೊರಟೀತು.

ಇನ್ನು ನಮ್ಮೊಳಗಿನ ಮಾತು. ಅಡುಗೆ ಅಕ್ಕ ನಮ್ಮ ಕೇರಿಯವರಾದರೆ ನಮಗೆ ಹೆಮ್ಮೆ. ಪಕ್ಕದ ಕೇರಿಯವರಾದರೆ? ಎಡಗೈ, ಬಲಗೈ ಎಂಬ ಮಾತು ನಮ್ಮ ನಾಲಿಗೆಯಲ್ಲಿ ಇನ್ನೂ ಸತ್ತಿಲ್ಲ. ಮನುಷ್ಯರೆಲ್ಲ ಸಮಾನರು ಎಂಬ ನಂಬಿಕೆ, ಸಮಾನತೆಗಾಗಿ ದುಡಿಯುತ್ತೇನೆ ಎಂಬ ಮಾತು 22 ಪ್ರತಿಜ್ಞೆಗಳಲ್ಲಿ ಅಕ್ಕಪಕ್ಕದಲ್ಲೇ ಇವೆ. ಆ ಪ್ರತಿಜ್ಞೆ ಮೇಲಿನವರಿಗೆ ಎಷ್ಟು ಅನ್ವಯವೋ ನಮಗೂ ಅಷ್ಟೇ. ಜೊತೆಗೆ, ಕೈಯಲ್ಲಿ ನಾಲ್ಕು ಕಾಸು ಆದ ನಮ್ಮವರು ಮಕ್ಕಳನ್ನು ಕಾನ್ವೆಂಟಿಗೆ ಸೇರಿಸಿ ಟಿಫಿನ್ ಬಾಕ್ಸ್ ಕಟ್ಟುತ್ತಿದ್ದೇವೆ. ಅದು ತಪ್ಪೆಂದು ಹೇಳುವುದಿಲ್ಲ. ಆದರೆ ಸರ್ಕಾರಿ ಶಾಲೆಯ ಸಾಲಿನಲ್ಲಿ ಉಳಿದ ಮಕ್ಕಳೂ ನಮ್ಮ ಮಕ್ಕಳೇ. ಆ ಸಾಲಿನಲ್ಲಿ ಯಾರನ್ನಾದರೂ ಬೇರೆ ಕೂರಿಸಿದರೆ ಕೇಳುವ ಹಿರಿಯರು ಬೇಕಲ್ಲವೇ?

*ಈ ವಾರದ ಅಭ್ಯಾಸ*

1. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಮ್ಮ ಬಳಗದವರು ಒಂದು ದಿನ ಬಿಡುವು ಮಾಡಿಕೊಂಡು ಊರಿನ ಶಾಲೆಯ ಬಿಸಿಯೂಟಕ್ಕೆ ಹೋಗಿ. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಎರಡು-ಮೂರು ಹಿರಿಯರು ರುಚಿ ನೋಡಬೇಕೆಂಬ ನಿಯಮವೇ ಇದೆ, ಸಂಕೋಚ ಬೇಡ.

2. ಹಿಂದಿನ ದಿನವೇ ಹೆಡ್‌ಮೇಷ್ಟ್ರಿಗೆ ತಿಳಿಸಿ. ಐದನೇ ತರಗತಿವರೆಗೆ ಒಂದು ಮಗುವಿಗೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯದ ಲೆಕ್ಕ. ಮಕ್ಕಳ ಪಾಲು ಕಡಿಮೆಯಾಗಬಾರದು. ಮನೆಯಲ್ಲಿ ಬೆಳೆದ ಸೊಪ್ಪು, ತರಕಾರಿ ಕೊಟ್ಟು ಬನ್ನಿ.

3. ಕುರ್ಚಿ ಕೊಟ್ಟರೆ ಬೇಡವೆನ್ನಿ. ಸಾಲಿನಲ್ಲೇ ಕೂತು, ನಿಮ್ಮ ಮಗುವಿನ ಆಚೆ ಕೂತ ಮಗುವಿನ ಹೆಸರು ಕೇಳಿ. ಉಂಡ ತಟ್ಟೆ ನೀವೇ ತೊಳೆಯಿರಿ.

4. ಹೊರಡುವಾಗ ಅಡುಗೆ ಅಕ್ಕನಿಗೆ ಒಂದು ಮಾತು: “ಸಾರು ಚೆನ್ನಾಗಿತ್ತು ಅಕ್ಕಾ.” ಮಕ್ಕಳಿಗೆ ಕೇಳುವಂತೆ ಹೇಳಿ.

*ಭವತು ಸಬ್ಬ ಮಂಗಲಂ. ಜೈ ಭೀಮ್.*